ಆರಿದ ಗೋಪುರಕ್ಕೆ ಹತ್ತುವ ಬೆಂಕಿ

‘ಸರ್, ಗೋಪುರ ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಒಳಗೆ ಎಣ್ಣೆ ಇರಲಿಲ್ಲ, ಕುಲುಮೆ ಆರಿತ್ತು. ಬಾಗಿಲು ತೆಗೆದ ಮೇಲೆ ತಾನಾಗಿಯೇ ಹೊತ್ತಿಕೊಂಡಿತಂತೆ. ಜೊತೆಯವರು ಬಾನಾಮತಿ ಅನ್ನುತ್ತಾರೆ. ತಗಡಿಗೂ ಬೆಂಕಿ ಹತ್ತುತ್ತದೆಯೇ?’ ರಿಫೈನರಿಗಳ ಗುತ್ತಿಗೆ ಕೆಲಸಕ್ಕೆ ಊರೂರು ತಿರುಗುವ ಫಿಟ್ಟರ್ ಒಬ್ಬರ ಪ್ರಶ್ನೆ ಇದು.

ಹತ್ತುತ್ತದೆ, ಧಾರಾಳವಾಗಿ ಹತ್ತುತ್ತದೆ. ಕಬ್ಬಿಣ ಉರಿಯುವುದಿಲ್ಲ ಎನ್ನುವವರು ದೀಪಾವಳಿಯ ಸುರುಸುರುಬತ್ತಿಯನ್ನು ಸರಿಯಾಗಿ ನೋಡಿಲ್ಲ. ಅಲ್ಲಿ ಸಿಡಿಯುವ ಕಿಡಿಗಳು ಉರಿಯುತ್ತಿರುವ ಕಬ್ಬಿಣದ ಪುಡಿಯೇ. ಕಬ್ಬಿಣದ ಗಟ್ಟಿಗೆ ಬೆಂಕಿ ತಾಗುವುದಿಲ್ಲ, ಏಕೆಂದರೆ ಅದರ ಮೈ ಕಡಿಮೆ, ಒಡಲು ಹೆಚ್ಚು. ಅದನ್ನೇ ತೆಳುವಾಗಿಸಿ ಮೈ ಹೆಚ್ಚಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಗೋಪುರದೊಳಗೆ ತುಂಬುವ ಸರಕಿಗೆ ‘ಪ್ಯಾಕಿಂಗ್’ ಎನ್ನುತ್ತಾರೆ, ಅದು ಹುಟ್ಟಿರುವುದೇ ಮೈ ಹೆಚ್ಚಿಸಲು. ಕಚ್ಚಾತೈಲವನ್ನು ಕಾಯಿಸಿ ಬೇರ್ಪಡಿಸುವ ಕಥೆ ಶಾಲೆಯ ಪಾಠದಲ್ಲೇ ಇದೆ, ಬಿಡಿ. ತಳದಲ್ಲಿ ಉಳಿಯುವ ಮಂದ ಎಣ್ಣೆಯದೇ ತಕರಾರು. ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುತ್ತ ಹೋದರೆ ಅದು ಆವಿಯಾಗುವ ಬದಲು ಒಡೆದು ಕೋಕ್ ಆಗುತ್ತದೆ. ಅದಕ್ಕಾಗಿ ಇನ್ನೊಂದು ಗೋಪುರದಲ್ಲಿ ಗಾಳಿಯ ಒತ್ತಡ ತಗ್ಗಿಸಿ, ಕಡಿಮೆ ಬಿಸಿಯಲ್ಲೇ ಕುದಿಸುತ್ತಾರೆ. ಅಲ್ಲಿ ಏರುವ ಆವಿಗೆ ಅಡ್ಡಿ ಇರಬಾರದು, ಇಳಿಯುವ ದ್ರವಕ್ಕೆ ಹರಡಿಕೊಳ್ಳಲು ಜಾಗ ಬೇಕು. ಹಿಂದೆ ಇಂಥ ಗೋಪುರಗಳಿಗೆ ಕಲ್ಲು, ಕೋಕ್ ತುಂಡು ಸುರಿಯುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರಿಟ್ಸ್ ರಾಷಿಗ್ ಉದ್ದ ಮತ್ತು ವ್ಯಾಸ ಸಮನಾಗಿರುವ ಪುಟ್ಟ ಕೊಳವೆ ತುಂಡುಗಳನ್ನು ತಂದ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿಯ ಸುಕ್ಕುಗಟ್ಟಿದ ತಗಡಿನ ಪ್ಯಾಕಿಂಗ್ ಬಂತು.

ಈ ತಗಡಿನ ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಸಾಮಾನ್ಯವಾಗಿ ಬಳಸುವ ಬಗೆಯೊಂದರಲ್ಲಿ ಒಂದು ಘನ ಮೀಟರಿಗೆ 250 ಚದರ ಮೀಟರ್ ಮೇಲ್ಮೈ ಇರುತ್ತದೆ. ಎಂಟು ಮೀಟರ್ ಅಗಲದ ಗೋಪುರದಲ್ಲಿ ಎರಡು ಮೀಟರ್ ಎತ್ತರಕ್ಕೆ ಜೋಡಿಸಿದರೆ, ಆರು ಎಕರೆ ಹೊಲದಷ್ಟು ಲೋಹದ ಮೈ ಒಳಗೆ ಮಡಚಿ ಕೂತಂತಾಯಿತು. ಆದರೂ ಅದರಲ್ಲಿ ನೂರಕ್ಕೆ 97 ಪಾಲು ಬರಿ ಖಾಲಿ ಜಾಗ!

ಈ ಆರು ಎಕರೆಯಲ್ಲಿ ವರ್ಷಗಟ್ಟಲೆ ಒಂದು ಬೆಳೆ ಬರುತ್ತದೆ. ಕಚ್ಚಾತೈಲದಲ್ಲಿ ಗಂಧಕವಿದೆ. ಅದರಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲ, ಆಮ್ಲಜನಕವಿಲ್ಲದ ಕಡೆ, ಉಕ್ಕಿನ ಮೇಲಿನ ತುಕ್ಕನ್ನು ಕಬ್ಬಿಣದ ಸಲ್ಫೈಡ್ ಆಗಿ ಮಾರ್ಪಡಿಸುತ್ತದೆ. ಗೋಪುರ ನಡೆಯುತ್ತಿರುವಷ್ಟು ಕಾಲ ಈ ಕರಿಪುಡಿ ತೆಪ್ಪಗಿರುತ್ತದೆ. ಗಾಳಿ ಸೋಕಿದರೆ ಸಾಕು, ಮರಳಿ ತುಕ್ಕಾಗಲು ಹೊರಡುತ್ತದೆ, ಹಾದಿಯಲ್ಲಿ ಬಿಸಿ ಕಾರುತ್ತದೆ. ಕಡ್ಡಿ ಗೀರುವವರು ಬೇಕಿಲ್ಲ. ಅರೆ ಒಣಗಿದ ಹುಲ್ಲನ್ನು ಬಣವೆ ಒಟ್ಟಿದ ರೈತನಿಗೆ ಇದು ಗೊತ್ತು: ಒಡಲಲ್ಲಿ ಹುಟ್ಟಿದ ಶಾಖಕ್ಕೆ ಹೊರಬರಲು ದಾರಿಯಿಲ್ಲದಿದ್ದರೆ ಅದು ಕೂಡುತ್ತ ಹೋಗಿ ಒಂದು ದಿನ ಬೆಂಕಿಯಾಗುತ್ತದೆ. ಪ್ಯಾಕಿಂಗ್‌ನ ಸಂದಿಗಳಲ್ಲಿ ಕೋಕ್ ಮತ್ತು ಎಣ್ಣೆಯ ಜಿಡ್ಡು ಬೇರೆ ಉಳಿದಿರುತ್ತದೆ. ಮೊದಲು ಅದು ಹೊತ್ತುತ್ತದೆ, ಆ ಉರಿಗೆ ತೆಳು ತಗಡೂ ಸೇರಿಕೊಳ್ಳುತ್ತದೆ.

ಶುರುವಿನಲ್ಲಿ ಬಾಗಿಲಿನಿಂದ ಬರುವ ಬಿಳಿ ಹೊಗೆಯನ್ನು ನೋಡಿ ‘ಉಳಿದ ಹಬೆ’ ಎಂದುಕೊಂಡು ಸುಮ್ಮನಾಗುವವರಿದ್ದಾರೆ. ಅದು ಗಂಧಕದ ಡೈಆಕ್ಸೈಡ್ ಇರಬಹುದು. ಮೂಗಿಗೆ ಚುಚ್ಚಿದರೆ ಹಬೆಯಲ್ಲ!

ಬಾನಾಮತಿ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಮಾಟವೆಂದು ಹೇಳಿದ ಗಳಿಗೆಯಲ್ಲೇ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. ಕೆಲಸ ಶುರುಮಾಡಲು ರಾಹುಕಾಲ ನೋಡಿ, ನಿಂಬೆಹಣ್ಣು ಕಟ್ಟಿ; ಗಂಧಕಕ್ಕೆ ಪಂಚಾಂಗ ಓದಲು ಬರುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಗಾಳಿ ಬಂತೇ?

ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಮಂಗಳೂರಿನ ಎಂಆರ್‌ಪಿಎಲ್‌ನಂಥ ಸ್ಥಾವರಗಳಲ್ಲಿ ಗೋಪುರ ನಿಲ್ಲಿಸುವುದೆಂದರೆ ಒಂದೊಂದು ಗಂಟೆಗೂ ದುಡ್ಡು. ಅದಕ್ಕೇ ಹಳೆ ಪ್ಯಾಕಿಂಗ್ ಬದಲಿಸುವ ಯೋಜನೆ ಬಹಳ ಮುಂಚೆ ಶುರುವಾಗುತ್ತದೆ. ನಡೆಯುತ್ತಿರುವ ಗೋಪುರದ ಒಂದು ಬದಿಯಲ್ಲಿ ವಿಕಿರಣ ಮೂಲ, ಎದುರು ಬದಿಯಲ್ಲಿ ಪತ್ತೆಯಂತ್ರ ಇಳಿಬಿಟ್ಟು, ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಕುಸಿದಿದೆ ಎಂದು ನೋಡುತ್ತಾರೆ. ನಮ್ಮ ಅಣುಶಕ್ತಿ ಇಲಾಖೆಯ ‘ಬ್ರಿಟ್’ ಸಂಸ್ಥೆ ಈ ಗಾಮಾ ತಪಾಸಣೆ ಮಾಡಿಕೊಡುತ್ತದೆ. ಹೊಸ ಪ್ಯಾಕಿಂಗನ್ನು ಅಳತೆ ಕೊಟ್ಟೇ ಮಾಡಿಸಬೇಕು. ಎಂಟು ಮೀಟರ್ ಅಗಲದ ಸಾಲು ಮನುಷ್ಯ ನುಸುಳುವಷ್ಟೇ ಇರುವ ಮ್ಯಾನ್‌ಹೋಲಿನಲ್ಲಿ ತುಂಡು ತುಂಡಾಗಿ ಒಳಹೋಗಬೇಕಲ್ಲ!

ಆದರೆ ಯೋಜನೆಯ ಜೀವ ಇರುವುದು ತೊಳೆಯುವುದರಲ್ಲಿ. ಹಬೆಯಿಂದ ಎಣ್ಣೆ ತೆಗೆದ ಮೇಲೆ ಪೊಟ್ಯಾಶಿಯಂ ಪರ್ಮಾಂಗನೇಟ್ ದ್ರಾವಣ ಹಾಯಿಸುವ ಪದ್ಧತಿಯಿದೆ. ಹೌದು, ಬಾವಿಗೆ ಹಾಕುತ್ತಿದ್ದ ಅದೇ ನೇರಳೆ ಹರಳು! ಗಾಳಿ ಬೆಂಕಿ ಹಚ್ಚಿ ಮಾಡುವ ಕೆಲಸವನ್ನು ಇದು ನೀರಿನೊಳಗೇ ತಣ್ಣಗೆ ಮಾಡಿ ಮುಗಿಸುತ್ತದೆ. ಸಲ್ಫೈಡ್ ಸಿಕ್ಕಷ್ಟೂ ನೇರಳೆ ಬಣ್ಣ ಕಂದಾಗುತ್ತದೆ. ಹೊರಬರುವ ನೀರು ನೇರಳೆಯಾಗಿಯೇ ಉಳಿದರೆ, ಅದು ಮುಟ್ಟಿದ ಕಡೆಗಳಲ್ಲಿ ಸಲ್ಫೈಡ್ ತೀರಿತೆಂದು ಅರ್ಥ. ಮುಟ್ಟದ ಮೂಲೆಗಳೂ ಇರುತ್ತವೆ. ಅವುಗಳಿಗಾಗಿಯೇ ಬಾಗಿಲು ತೆಗೆದ ಮೇಲೂ ಪ್ಯಾಕಿಂಗ್ ಒದ್ದೆಯಾಗಿರಬೇಕು, ತಾಪಮಾಪಕಗಳ ಮೇಲೆ ಕಣ್ಣಿಡಬೇಕು. ಮೇಲಿನ ಮತ್ತು ಕೆಳಗಿನ ಮ್ಯಾನ್‌ಹೋಲುಗಳನ್ನು ಒಟ್ಟಿಗೆ ತೆರೆದರೆ ಇಡೀ ಗೋಪುರ ಹೊಗೆಕೊಳವೆಯಂತೆ ಗಾಳಿ ಎಳೆಯುತ್ತದೆ. ಪ್ಯಾಕಿಂಗ್ ಮೇಲುಗಡೆ ವೆಲ್ಡಿಂಗ್ ಅಂತೂ ಕೂಡದು. ಹೊರತಂದು ಹಾಕಿದ ಹಳೆ ತಗಡಿನ ರಾಶಿಗೆ ಕೂಲಿಯಾಳೊಬ್ಬ ಪೈಪಿನಿಂದ ನೀರು ಬಿಡುತ್ತ ನಿಂತದ್ದನ್ನು ನೋಡಿದ್ದೇನೆ. ದಾರಿಹೋಕರಿಗೆ ಅದು ತಮಾಷೆ. ಆತ ಮಾಡುತ್ತಿದ್ದದ್ದು ಅಪ್ಪಟ ರಸಾಯನವಿಜ್ಞಾನ.

ಅಷ್ಟಾಗಿಯೂ ಒಳಗೆ ಹೊಗೆ ಕಂಡರೆ ಜನರನ್ನು ಹೊರಗೆ ಕರೆದು, ಬಾಗಿಲು ಮುಚ್ಚಿ, ಸಾರಜನಕ ಬಿಟ್ಟು ಗಾಳಿಯನ್ನು ಹೊರದಬ್ಬಬೇಕು. ನೋಡುವ ಆತುರಕ್ಕೆ ಇನ್ನೊಂದು ಬಾಗಿಲು ತೆರೆಯುವುದು ಬೆಂಕಿಗೆ ಊಟ ಬಡಿಸಿದಂತೆ.

ಹೊಸ ಪ್ಯಾಕಿಂಗ್ ಜೋಡಿಸುವಾಗ ಒಂದು ಸಾಲಿಗೆ ಮುಂದಿನ ಸಾಲನ್ನು 90 ಡಿಗ್ರಿ ಅಡ್ಡ ತಿರುಗಿಸುತ್ತಾರೆ. ತುಳಿದರೆ ನಜ್ಜಾಗುವುದರಿಂದ ಕೆಲಸಗಾರರು ಪ್ಲೈವುಡ್ ಹಾಸಿ ಅದರ ಮೇಲೆ ನಿಲ್ಲುತ್ತಾರೆ. ಮಿರಮಿರ ಮಿಂಚುವ ಈ ತಗಡಿನ ಮೇಲೂ ನಾಳೆಯಿಂದ ಗಂಧಕದ ಕೆಲಸ ಶುರು. ಜಾಣ ಎಂಜಿನಿಯರು ಹೊಸದನ್ನು ಕೂರಿಸುವಾಗಲೇ ತೊಳೆಯುವ ನೀರು ಯಾವ ಮೂಲೆಗೆ ಮುಟ್ಟಲಿಲ್ಲ, ತಾಪಮಾಪಕ ಎಲ್ಲಿ ಸಾಲದಾಯಿತು ಎಂದು ಬರೆದಿಟ್ಟುಕೊಳ್ಳುತ್ತಾನೆ. ಮುಂದಿನ ಸಲ ಬಾಗಿಲು ತೆಗೆಯುವವನು ಬೇರೆಯವನಿರಬಹುದು. ಆ ಟಿಪ್ಪಣಿ ಅವನ ಕೈಗೆ ಸಿಗಬೇಕು.