ಬಲಗೈಗೊಂದು ಮೊರ ಅವರೆಕಾಯಿ

ಧನುರ್ಮಾಸದ ಬೆಳಿಗ್ಗೆ ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯಲ್ಲಿ ಹೊಸೂರು ದಾಟಿ ಶೂಲಗಿರಿ ಹತ್ತಿರವಾಗುವಾಗ ಬಸ್ಸಿನ ಕಿಟಕಿ ತೆರೆದಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಕೊತ್ತಂಬರಿ, ಅದರ ಬೆನ್ನಿಗೇ ಪುದೀನ. ಕಟ್ಟು ಕಟ್ಟಿ ನೀರು ಚಿಮುಕಿಸಿದ ಸೊಪ್ಪು ಟೆಂಪೋ ಏರುತ್ತಿರುತ್ತದೆ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಕೊಯ್ಲಾದ ರಾಗಿ ಹೊಲದ ಕೂಳೆ, ಅದರ ಸಾಲಿನ ನಡುವೆ ಇನ್ನೂ ಹಸಿರಾಗಿರುವ ಅವರೆ, ದೂರದಲ್ಲಿ ಬೋಳು ಬಂಡೆಗುಡ್ಡ. ಟೀ ಅಂಗಡಿಯ ಬೋರ್ಡು ತಮಿಳಿನಲ್ಲಿ, ಒಳಗಿನ ಲೆಕ್ಕಾಚಾರ ತೆಲುಗಿನಲ್ಲಿ, ಕರುವಿಗೆ ಬೈಯುವುದು ಕನ್ನಡದಲ್ಲಿ. ಈ ಸೀಮೆ ಇರುವುದೇ ಹಾಗೆ.

ತಲೆ ತಗ್ಗಿಸಿ ಬನ್ನಿ, ಈ ಮನೆಯ ಬಾಗಿಲು ಗಿಡ್ಡ. ಒಳಗೆ ಒಲೆಯ ಹೊಗೆ, ಲಕ್ವಕ್ಕೆಂದು ಯಾರೋ ಕಾಸಿಕೊಟ್ಟ ನಾಟಿ ಎಣ್ಣೆಯ ಘಾಟು, ಮೂಲೆಯಲ್ಲಿ ಬುಟ್ಟಿ ಮುಚ್ಚಿದ ಕೋಳಿಯ ಕುಯ್‌ಗುಡುವಿಕೆ. ಹಗ್ಗದ ಮಂಚದ ಮೇಲೆ ಅಜ್ಜಿ. ಮಳೆಗಾಲದಲ್ಲಿ ಒಂದು ದಿನ ಕಳೆ ಕೀಳುವಾಗಲೇ ಬಲಗಡೆಯ ಕೈಕಾಲು ಬಿದ್ದುಹೋದವು. ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಮನೆಗೆ ಬಂದಳು. ಮಂಚ ಬಿಟ್ಟು ಏಳಲಿಲ್ಲ. ಸೊಸೆ ಎತ್ತಿ ಕೂರಿಸುತ್ತಾಳೆ, ಮೀಯಿಸುತ್ತಾಳೆ, ಮುದ್ದೆಯನ್ನು ಸಣ್ಣಸಣ್ಣ ತುತ್ತು ಮಾಡಿ ಬಾಯಿಗಿಡುತ್ತಾಳೆ. ಊರೆಲ್ಲ ಆ ಸೊಸೆಯನ್ನು ಹೊಗಳುತ್ತದೆ. ಹೊಗಳಿಕೆಗೆ ಆಕೆ ಯೋಗ್ಯಳೇ, ಆದರೆ ಅಜ್ಜಿಯ ಮುಖ ಬೇರೇನೋ ಹೇಳುತ್ತದೆ. ಎಪ್ಪತ್ತು ವರ್ಷ ತನ್ನ ಕೈಯಲ್ಲೇ ಮುದ್ದೆ ಮುರಿದವಳು ಈಗ ತುತ್ತು ಬರುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಹೊರಗೆ ವ್ಯಾನಿನ ಸದ್ದು. ಮೊದಲು ಒಳಬರುವವಳು ಆರೋಗ್ಯ ಸ್ವಯಂಸೇವಕಿ, ಪಕ್ಕದ ಬೀದಿಯವಳೇ. "ದೊಡ್ಡವ್ವಾ, ಮಾತ್ರೆ ನುಂಗಿದ್ಯಾ?" ಎನ್ನುತ್ತ ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಎಣಿಸುತ್ತಾಳೆ. ಹಿಂದೆ ಒಬ್ಬ ನರ್ಸು, ಅವಳ ಹಿಂದೆ ಫಿಸಿಯೋಥೆರಪಿಯ ಹುಡುಗಿ, ಕೈಯಲ್ಲಿ ಒಂದು ಸಾಮಾನೂ ಇಲ್ಲ. ಅಜ್ಜಿಯನ್ನು ತಮಿಳಿನಲ್ಲಿ 'ಪಾಟಿ' ಎಂದು ಕರೆದು, ಉಳಿದದ್ದನ್ನು ಒಡೆದ ಕನ್ನಡದಲ್ಲಿ ಹೇಳುತ್ತಾಳೆ.

ಸೊಸೆ ಅಭ್ಯಾಸದಂತೆ ಅತ್ತೆಯ ಬಲಗೈ ಹಿಡಿದು ಎತ್ತಲು ಹೋದಳು. "ಅಕ್ಕಾ, ಆ ಕೈ ಎಳೀಬೇಡಿ, ಭುಜದ ಕೀಲು ಜಾರುತ್ತೆ." ಸ್ವಾಧೀನ ತಪ್ಪಿದ ತೋಳನ್ನು ಹಿಡಿದಿಡಲು ಸ್ನಾಯುವಿಗೆ ಬಲವಿರುವುದಿಲ್ಲ, ಪ್ರೀತಿಯಿಂದ ಎಳೆದರೂ ಕೀಲು ಸಡಿಲವಾಗುತ್ತದೆ. ಹುಡುಗಿ ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಅಜ್ಜಿಯನ್ನು ಮಂಚದ ಅಂಚಿಗೆ ಸರಿಯುವಂತೆ ಮಾಡಿ, ಎರಡೂ ಪಾದ ನೆಲಕ್ಕೆ ಊರಿಸಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ ತಳ್ಳಿದಳು. "ಪಾಟಿ, ಮೂಗು ಹೆಬ್ಬೆರಳಿನ ನೇರಕ್ಕೆ ಬರಲಿ, ಬಗ್ಗಿ, ಇನ್ನೂ ಬಗ್ಗಿ, ಈಗ ಏಳಿ." ಅಜ್ಜಿಯ ಸೊಂಟ ಮಂಚದಿಂದ ಒಂದು ಗೇಣು ಮೇಲೆದ್ದು ಮತ್ತೆ ಕುಸಿಯಿತು. ಮತ್ತೊಮ್ಮೆ. ಬಲಗಾಲಿನ ಬೆರಳುಗಳು ನೆಲವನ್ನು ಹಿಡಿಯಲು ಹವಣಿಸುವುದು ಬರಿಗಣ್ಣಿಗೆ ಕಾಣುತ್ತಿತ್ತು. ಮೂರನೆಯ ಸಲಕ್ಕೆ ಎಡಗೈಯಲ್ಲಿ ಕಂಬಕ್ಕೆ ಬಿಗಿದ ಹಗ್ಗ ಹಿಡಿದು ನಿಂತೇಬಿಟ್ಟಳು, "ಅಯ್ಯೋ ನನ್ ಶಿವ್ನೇ" ಎಂದು ಉಸಿರುಬಿಟ್ಟಳು.

ಈ ವ್ಯಾನು ಇಲ್ಲಿಗೆ ಬರುವುದರ ಹಿಂದೆ ಒಂದು ದಿನಾಂಕವಿದೆ. 2021ರ ಆಗಸ್ಟ್ 5ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ, ಎಂಬ ಯೋಜನೆಗೆ ಚಾಲನೆ ಕೊಟ್ಟದ್ದು ಚೆನ್ನೈಯಲ್ಲಲ್ಲ, ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಬಾಗಿಲಿಗೆ. ಹಾಸಿಗೆ ಹಿಡಿದವರಿಗೆ ಉಪಶಮನ ಆರೈಕೆ. ಕೈಕಾಲು ಸೋತವರಿಗೆ ಮನೆಯಲ್ಲೇ ಫಿಸಿಯೋಥೆರಪಿ. ರಾಜ್ಯದ 385 ಬ್ಲಾಕುಗಳಿಗೂ ಇಂಥ ತಂಡ. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಪತ್ರಿಕೆಗಳು ಮಾತ್ರೆಯ ಬಗ್ಗೆಯೇ ಹೆಚ್ಚು ಬರೆದವು. ನನಗೆ ಮುಖ್ಯವೆನಿಸಿದ್ದು ಬರಿಗೈಯಲ್ಲಿ ಬರುವ ಈ ಹುಡುಗಿಯರು.

ತಂಡದ ಪುಸ್ತಕದಲ್ಲಿ ಪ್ರಶ್ನೆಗಳು ಸರಳ. ತಾನೇ ಮೀಯುತ್ತಾರೆಯೇ, ಉಡುತ್ತಾರೆಯೇ, ಕಕ್ಕಸಿಗೆ ಹೋಗುತ್ತಾರೆಯೇ, ಹಾಸಿಗೆಯಿಂದ ಎದ್ದು ಕೂರುತ್ತಾರೆಯೇ, ಮಲಮೂತ್ರ ಹಿಡಿತದಲ್ಲಿದೆಯೇ, ತಾನೇ ಉಣ್ಣುತ್ತಾರೆಯೇ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು 1963ರಲ್ಲಿ ಒಬ್ಬ ಮನುಷ್ಯನ ಸ್ವಾವಲಂಬನೆಯನ್ನು ಅಳೆಯಲು ಆರಿಸಿಕೊಂಡದ್ದೂ ಈ ಆರನ್ನೇ. ಅಲ್ಲಿ ದೀರ್ಘಕಾಲದ ಆರೈಕೆಗೆಂದೇ ವಿಮೆ ಮಾಡಿಸಿದವರಿಗೆ, ಆರರಲ್ಲಿ ಎರಡು ಕೈತಪ್ಪಿದರೆ ಸಾಮಾನ್ಯವಾಗಿ ಹಣ ಬರತೊಡಗುತ್ತದೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಇಂಥ ವಿಮೆಯನ್ನು ಇಡೀ ದೇಶಕ್ಕೆ ತಂದವು. ಜಪಾನಿನಲ್ಲಿ ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಸೈತಾಮಾ ಪ್ರಾಂತ್ಯದ ವಾಕೋ ಎಂಬ ಊರು, ಆರೈಕೆಯ ಆಸರೆ ಬಿಟ್ಟು ಮತ್ತೆ ತಮ್ಮ ಕಾಲ ಮೇಲೆ ನಿಂತ ಮುದುಕರಿಂದಲೇ ಹೆಸರಾಗಿದೆ. ನಮ್ಮಲ್ಲಿ ಅಂಥ ಸಾರ್ವಜನಿಕ ವಿಮೆ ಇಲ್ಲ. ಈ ಮನೆಯ ಗೋಡೆಗೂಡಿನಲ್ಲಿ ಪ್ಲಾಸ್ಟಿಕ್ ಕವರಿನೊಳಗಿರುವ ಮುಖ್ಯಮಂತ್ರಿ ವಿಮೆ ಕಾರ್ಡು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡುಂಟು, ಮನೆಯಲ್ಲಿ ಏಳಿಸುವ ಸೊಸೆಗೆ ಇಲ್ಲ. ಅವಳು ಗುಲಾಬಿ ತೋಟದ ಕೂಲಿ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಆ ನಷ್ಟ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ನಿಂತು ಕೂತದ್ದಾಯಿತು, ಈಗ ಕೈಯ ಸರದಿ. ಹುಡುಗಿ ಅಡುಗೆಮನೆಯತ್ತ ಕಣ್ಣುಹಾಯಿಸಿ ಒಂದು ಮೊರ ಅವರೆಕಾಯಿ ತರಿಸಿ ಅಜ್ಜಿಯ ತೊಡೆಯ ಮೇಲಿಟ್ಟಳು. ಬಲಗೈಯ ಹೆಬ್ಬೆರಳು ಕಾಯಿಯ ನಾರನ್ನು ಹುಡುಕುತ್ತದೆ, ಜಾರುತ್ತದೆ, ತೋರುಬೆರಳು ತಡವಾಗಿ ಬಂದು ಸೇರಿಕೊಳ್ಳುತ್ತದೆ. ನೆರವಿಗೆ ಕದ್ದು ಬರುವ ಎಡಗೈಯನ್ನು ಹುಡುಗಿ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾಳೆ. ಸಿಪ್ಪೆ ಪಟಕ್ಕನೆ ಬಾಯಿಬಿಟ್ಟಾಗ ಕಾಳೊಂದು ಸಿಡಿದು ಮಂಚದಡಿ ಉರುಳಿತು. ಕೋಳಿ ಬುಟ್ಟಿಯೊಳಗೇ ಚಡಪಡಿಸಿತು. ಬೆರಳಿಗಂಟಿದ ಸೊಗಡನ್ನು ಅಜ್ಜಿ ಮೂಸಿ ನೋಡಿಕೊಂಡಳು.

"ಮನೆಗಷ್ಟೂ ಅವರೇ ಸುಲೀಲಿ," ಎಂದಳು ಹುಡುಗಿ ಸೊಸೆಗೆ. "ತಡ ಆದ್ರೂ ಆಗಲಿ. ಊಟಾನೂ ಅವರೇ ಮಾಡಲಿ, ಚೆಲ್ಲಿದ್ರೆ ಒರೆಸಿ. ಕುಪ್ಪಸ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ."

"ಸುಮ್ನೆ ನೋಡ್ತಾ ಕೂರೋದು ಹ್ಯಾಗೆ ಮೇಡಂ? ಜನ ಏನಂದಾರು?"

ಅದಕ್ಕೆ ಉತ್ತರ ಕೊಟ್ಟವಳು ಅಜ್ಜಿ. "ಜನರ ಬಾಯಿಗೆ ನಾನೇ ತುತ್ತಿಡ್ತೀನಿ, ನೀನು ಕೆಲ್ಸಕ್ಕೋಗು." ಲಕ್ವದಿಂದ ಸೊಟ್ಟಗಾದ ಬಾಯಲ್ಲಿ ಮಾತು ತೊದಲಿತಾದರೂ ಬಿಸಿ ಆರಿರಲಿಲ್ಲ. ಸೊಸೆ ನಕ್ಕಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು.

ಗಡಿಯಾಚೆಯ ಕೋಲಾರದಲ್ಲೂ 2024ರಲ್ಲಿ ಕರ್ನಾಟಕ ಸರ್ಕಾರ 'ಗೃಹ ಆರೋಗ್ಯ'ವೆಂದು ಮನೆಬಾಗಿಲ ತಪಾಸಣೆ ಶುರುಮಾಡಿತು. ತಪಾಸಣೆ ಒಳ್ಳೆಯದೇ, ಮಂಚದ ಎದುರು ಕುಕ್ಕುರುಗಾಲಲ್ಲಿ ಕೂರುವವರೂ ಅಲ್ಲಿಗೆ ಬೇಕು.

ವ್ಯಾನಿಗೆ ಇನ್ನೂ ಮನೆಗಳಿವೆ. ಮುಂದಿನದು ಗುಡ್ಡದ ಬುಡದ್ದು: ಮಾವಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕ. ಕಕ್ಕಸಿಗೆಂದು ಅವನಿಗೊಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಬೇಕಿದೆ. ಸ್ವಯಂಸೇವಕಿ ದಾರಿಯಲ್ಲೇ ಬಡಗಿಗೆ ಫೋನು ಹಚ್ಚಿದಳು: "ಸಂಜೆಗೆ ಬೇಕಣ್ಣ. ಕೊರೆದು ಹಂಗೇ ಬಿಡಬ್ಯಾಡ, ಅಂಚು ನುಣ್ಣಗೆ ಉಜ್ಜು. ಕುಯ್ದರೂ ಅವನಿಗೆ ಗೊತ್ತಾಗಲ್ಲ."