ಮುಪ್ಪಿನ ಮೊಣಕಾಲಿಗೆ ಚೀನದ ಸೂಜಿ

ಇಳಕಲ್ಲಿನ ಓಣಿಗಳಲ್ಲಿ ಇಂದಿಗೂ ಮಗ್ಗದ ಸದ್ದು ಕೇಳುತ್ತದೆ. ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ನಾಲ್ಕೈದು ದಶಕ ಸೀರೆ ನೇಯ್ದವರಿಗೆ ಅರವತ್ತು ದಾಟುವ ಹೊತ್ತಿಗೆ ಸೊಂಟ, ಮೊಣಕಾಲು ಹಿಡಿದುಕೊಳ್ಳುತ್ತವೆ. ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆದ ಹುನಗುಂದ, ಬಾದಾಮಿ ಕಡೆಯ ಅಜ್ಜಿಯರ ಪಾಡೂ ಅಷ್ಟೇ. ಎಣ್ಣೆ ತಿಕ್ಕಿ, ಶಾಖ ಕೊಟ್ಟು, ನೋವಿನ ಗುಳಿಗೆ ನುಂಗಿ ಬೇಸತ್ತವರ ಕಿವಿಗೆ 'ಅಕ್ಯುಪಂಕ್ಚರ್' ಎಂಬ ಹೆಸರು ಬಿದ್ದರೆ ಆಸೆ ಚಿಗುರುವುದು ಸಹಜ. ಈ ಸೂಜಿಯಿಂದ ಏನಾಗುತ್ತದೆ, ಏನಾಗುವುದಿಲ್ಲ?

ಸೊಲ್ಲಾಪುರದ ನಂಟು

ಬಾಗಲಕೋಟೆಯಿಂದ ಹೊರಟ ರೈಲು ವಿಜಯಪುರ ದಾಟಿ ಮುಟ್ಟುವ ಊರು ಸೊಲ್ಲಾಪುರ. ಅಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್, ಜಪಾನಿನ ದಾಳಿಗೆ ತುತ್ತಾಗಿದ್ದ ಚೀನದ ನೆರವಿಗೆ 1938ರಲ್ಲಿ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. 1942ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅವರು ಹೋದದ್ದು ಶಸ್ತ್ರವೈದ್ಯರಾಗಿ. ಸೂಜಿ ಚಿಕಿತ್ಸೆಯನ್ನು ಭಾರತಕ್ಕೆ ತಂದವರು ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಅದನ್ನು ಕಲಿತು ಬಂದು, ಕಲ್ಕತ್ತೆಯಲ್ಲಿ ಆರಂಭಿಸಿದರು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಚಿಕಿತ್ಸಾ ಪದ್ಧತಿಯೆಂದು ಮಾನ್ಯತೆ ನೀಡಿತು.

ವಿಜ್ಞಾನ ಹೇಳುವುದೇನು?

ದೇಹದಲ್ಲಿ 'ಚಿ' ಎಂಬ ಚೈತನ್ಯ ನಾಳಗಳಲ್ಲಿ ಹರಿಯುತ್ತದೆ, ಅದು ಅಡ್ಡಿಯಾದಾಗ ರೋಗ ಬರುತ್ತದೆ ಎಂಬುದು ಚೀನೀಯರ ಪರಂಪರೆಯ ನಂಬಿಕೆ. ಆ ನಾಳಗಳ ಮೇಲೆ 361 ಬಿಂದುಗಳನ್ನು ಗುರುತಿಸಿದ್ದಾರೆ. ಶರೀರವನ್ನು ಕೊಯ್ದು ನೋಡಿದರೆ ಇಂಥ ನಾಳಗಳು ಕಾಣುವುದಿಲ್ಲ. ಆದರೆ ಸೂಜಿ ಚುಚ್ಚಿದಾಗ ನರಗಳು ಕೆರಳಿ, ನೋವು ತಗ್ಗಿಸುವ 'ಎಂಡಾರ್ಫಿನ್' ಎಂಬ ರಾಸಾಯನಿಕಗಳು ದೇಹದಲ್ಲಿಯೇ ಬಿಡುಗಡೆಯಾಗುತ್ತವೆ ಎಂಬುದಕ್ಕೆ 1970ರ ದಶಕದಿಂದ ಪ್ರಯೋಗಗಳ ಬೆಂಬಲವಿದೆ.

ಮೊಣಕಾಲಿನ ಕೀಲು ಸವೆದ ಸುಮಾರು 1,000 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಶಾಸ್ತ್ರೋಕ್ತವಾಗಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 53 ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ, ಆಳಕ್ಕಿಳಿಯದಂತೆ ಚುಚ್ಚಿಸಿಕೊಂಡವರಲ್ಲಿಯೂ ಶೇ. 51! ಸೂಜಿಯಿಲ್ಲದೆ ವೈದ್ಯರನ್ನು ಕಂಡು ಮಾತ್ರೆ ಪಡೆದವರಲ್ಲಿ ಶೇ. 29 ಮಾತ್ರ. ಅಂದರೆ ಸೂಜಿ ಎಲ್ಲಿ ಬಿತ್ತು ಎಂಬುದಕ್ಕಿಂತ ಚುಚ್ಚುವ ಕ್ರಿಯೆ ಮತ್ತು ರೋಗಿಯ ನಿರೀಕ್ಷೆಯೇ ಹೆಚ್ಚು ಕೆಲಸ ಮಾಡಿರಬೇಕು. ಬ್ರಿಟನ್ನಿನ 'ನೈಸ್' ಎಂಬ ಮಾರ್ಗದರ್ಶಿ ಸಂಸ್ಥೆಯಂತೂ ಕೀಲು ಸವೆತಕ್ಕೆ ಸೂಜಿ ಬೇಡ, ವ್ಯಾಯಾಮ ಬೇಕು ಎಂದು 2022ರಲ್ಲಿ ಹೇಳಿತು.

ಎಚ್ಚರ ಎಲ್ಲಿ?

ನೋವು ಸ್ವಲ್ಪ ತಗ್ಗಿದರೂ ಅದು ಮುಪ್ಪಿನಲ್ಲಿ ದೊಡ್ಡ ಲಾಭವೇ. ಆದರೆ ಸೂಜಿಯಿಂದ ಸವೆದ ಕೀಲು ಮರಳಿ ಬೆಳೆಯದು, ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗೆ ಅದು ಬದಲಿಯೂ ಅಲ್ಲ. 'ಗುಳಿಗೆ ಬಿಡಿ' ಎನ್ನುವವರ ಬಳಿ ಹಿರಿಯರನ್ನು ಕರೆದೊಯ್ಯದಿರುವುದೇ ಲೇಸು. ಪ್ರತಿ ಸಲ ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಬಿಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ಹೇಳಬೇಕು.

ಚೀನೀ ಗಿಡಮೂಲಿಕೆಯ ಪುಡಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ಅನೇಕ ಮಹಿಳೆಯರ ಮೂತ್ರಪಿಂಡ ಕೆಟ್ಟವು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲವೇ ಕಾರಣ. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. 'ಬೇರಿನ ಔಷಧಿ, ಅಪಾಯವಿಲ್ಲ' ಎಂಬ ಮಾತನ್ನು ಹಾಗೆಯೇ ನಂಬಬಾರದು.

ಮನೆಯಲ್ಲೇ ಆಗುವ ಆರೈಕೆ

ಚೀನದಿಂದಲೇ ಬಂದ, ಖರ್ಚಿಲ್ಲದ ಇನ್ನೊಂದು ವಿದ್ಯೆ 'ತಾಯ್ ಚಿ' ಎಂಬ ನಿಧಾನಗತಿಯ ವ್ಯಾಯಾಮ. ಇದನ್ನು ಮಾಡುವ ವೃದ್ಧರು ಎಡವಿ ಬೀಳುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ತಾಯ್ ಚಿ ಕಲಿಸುವವರು ಹತ್ತಿರ ಇಲ್ಲದಿದ್ದರೂ ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸಿ ಇಳಿಸಬಹುದು. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ ಮಾಡಿದರೆ ತೊಡೆಯ ಸ್ನಾಯು ಬಲಗೊಂಡು ಮೊಣಕಾಲಿನ ಭಾರ ಹೊರುತ್ತದೆ. ಅಪ್ಪ, ಅವ್ವನಿಗೆ ಇದನ್ನು ದಿನಾ ನೆನಪಿಸಲು, ಪಕ್ಕದಲ್ಲಿ ಕುಳಿತು ಎಣಿಸಲು ಮನೆಯಲ್ಲೊಬ್ಬರು ಬೇಕು. ಸೂಜಿ ಹಾಕಿಸಿದರೂ ಬಿಟ್ಟರೂ ಈ ಕೆಲಸ ತಪ್ಪಬಾರದು.