ಕಿವಿಗೆ ಹತ್ತಿರದ ಕವಿಗೋಷ್ಠಿ

ಆಷಾಢದ ಭಾನುವಾರ, ಸಂಜೆ ಏಳಕ್ಕೆ ಇನ್ನೂ ಐದು ನಿಮಿಷ. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ತೆರೆದುಕೊಳ್ಳುತ್ತಿವೆ. ಧಾರವಾಡದಲ್ಲೊಂದು ಪುಸ್ತಕದ ಕೋಣೆ. ಬೀದರಿನಲ್ಲಿ ಮಂಚದ ಅಂಚಿಗೆ ಕೂತ ಮೇಷ್ಟ್ರು. ಶಿರಸಿ ಸೀಮೆಯ ಹುಡುಗಿಯೊಬ್ಬಳು ಸಿಗ್ನಲ್ ಹುಡುಕಿಕೊಂಡು ಗುಡ್ಡದ ಮೇಲಿನ ಶಾಲೆಯ ಜಗಲಿಗೆ ಬಂದಿದ್ದಾಳೆ. ದುಬೈಯಲ್ಲಿ ಈಗ ಐದೂವರೆ, ಅಲ್ಲಿನ ಕಿಟಕಿಯಲ್ಲಿ ಇನ್ನೂ ಬಿಸಿಲು. ನ್ಯೂಜೆರ್ಸಿಯಲ್ಲಿ ಬೆಳಗಿನ ಒಂಬತ್ತೂವರೆ, ಅಲ್ಲಿಂದ ಬಂದವರ ಕೈಯಲ್ಲಿ ಕಾಫಿ ಲೋಟ.

"ನನ್ನ ದನಿ ಕೇಳಸ್ತದೇನ್ರಿ?"

"ಕೇಳ್ತಿದೆ ಸರ್, ಮುಖ ಕಾಣ್ತಿಲ್ಲ."

"ಅಕ್ಕಾ, ಮೈಕ್ ಆಫ್ ಮಾಡ್ಕೊಳ್ರೀ, ಕುಕ್ಕರ್ ಕೂಗೋದು ಕೇಳಸ್ತದ."

ಧಾರವಾಡದ ನಿರೂಪಕಿಯ ದನಿಯಲ್ಲಿ ಗಡಿಬಿಡಿಯಿಲ್ಲ. ದೀಪ ಹಚ್ಚುವುದಿಲ್ಲ, ಹಾರ ಹಾಕುವುದಿಲ್ಲ, ಗಣ್ಯರ ಸ್ವಾಗತವೂ ಇಲ್ಲ. ಮೊದಲ ಕವಿಯ ಹೆಸರು ಕರೆದವರೇ ತಮ್ಮ ಮೈಕ್ ಮುಚ್ಚಿಕೊಳ್ಳುತ್ತಾರೆ.

ಬೀದರಿನ ಮೇಷ್ಟ್ರು ನೋಟ್‌ಬುಕ್ ಹಿಡಿದು ಮುಂದಕ್ಕೆ ಬಾಗುತ್ತಾರೆ. ಪದ್ಯ ಅವರ ಊರಿನ ಬಸ್‌ಸ್ಟ್ಯಾಂಡಿನದು. ದಖನಿ, ಮರಾಠಿ, ಕನ್ನಡ ಎಲ್ಲ ಒಂದೇ ಬೆಂಚಿನ ಮೇಲೆ ಕೂತು ಹೈದರಾಬಾದಿನ ಗಾಡಿಗೆ ಕಾಯುವ ಪದ್ಯ. ಅವರು ಓದುವುದಿಲ್ಲ, ಮಾತಾಡುತ್ತಾರೆ. ಸಮ್ಮೇಳನದ ಪೆಂಡಾಲಿನಲ್ಲಾಗಿದ್ದರೆ ಈ ದನಿಯನ್ನು ಏರಿಸದೆ ಅವರಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಅಲ್ಲಿ ಊಟದ ಮನೆಯ ಪಾತ್ರೆ ಸದ್ದು, ಸೌಂಡ್ ಸಿಸ್ಟಮ್ಮಿನ ಕೀರಲು, "ಒಂದೇ ಕವಿತೆ ಓದಿ" ಎಂಬ ಚೀಟಿ. ಇಲ್ಲಿ ಸಾಲಿನ ಕೊನೆಯಲ್ಲಿ ಅವರು ಉಸಿರು ಬಿಟ್ಟದ್ದೂ ಇಯರ್‌ಫೋನಿನಲ್ಲಿ ಕೇಳುತ್ತದೆ. ಹೊಸ ಕನ್ನಡ ಕವಿತೆ ಬಹುಪಾಲು ಮೆಲುದನಿಯ ಕವಿತೆ. ಅದಕ್ಕೆ ತಕ್ಕ ಕೇಳುಮನೆ ಇಲ್ಲಿ ಸಿಕ್ಕಿದೆ ಎಂದೇ ನನ್ನ ನಂಬಿಕೆ.

ಕಾಣದ ಕಿವಿಗಳಿಗೆ ಕವಿತೆ ಓದುವುದು ನಮಗೆ ಹೊಸತೇನಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದು 1935ರಲ್ಲಿ. ಆಕಾಶವಾಣಿಯ ಸರ್ವಭಾಷಾ ಕವಿಸಮ್ಮೇಳನ 1956ರಿಂದ ನಡೆದುಬಂದಿದೆ. ಆದರೆ ಸ್ಟುಡಿಯೋದಲ್ಲಿ ಕೂತ ಕವಿಗೆ ಕೇಳುಗರ ಮುಖ ಕಾಣುತ್ತಿರಲಿಲ್ಲ. ಇಲ್ಲಿ ಕಾಣುತ್ತದೆ. ಬಸ್‌ಸ್ಟ್ಯಾಂಡಿನ ಪದ್ಯ ಮುಗಿಯುವಾಗ ದುಬೈಯ ಚೌಕದಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಊರು ಹುಮನಾಬಾದ್ ಎಂದು ಆಮೇಲೆ ಗೊತ್ತಾಯಿತು.

ಶಿರಸಿಯ ಹುಡುಗಿಯ ಸರದಿ ಬರುವ ಹೊತ್ತಿಗೆ ಅಲ್ಲಿ ಮಳೆ ಹಿಡಿದಿತ್ತು. ಅಡಿಕೆ ಸುಲಿಯುವ ಹೆಂಗಸರ ರಾತ್ರಿಯ ಮೇಲಿನ ಕವಿತೆ. ನಾಲ್ಕು ಸಾಲು ಓದುವಷ್ಟರಲ್ಲಿ ಮುಖ ನಿಂತಲ್ಲೇ ನಿಂತಿತು, ಮಾತು ತುಂಡಾಯಿತು, ಚೌಕವೇ ಮಾಯವಾಯಿತು. ಯಾರೂ ಎದ್ದು ಹೋಗಲಿಲ್ಲ. ಎರಡು ನಿಮಿಷದಲ್ಲಿ ಅವಳು ಮತ್ತೆ ಬಂದಳು, ಕೂದಲಿನಿಂದ ನೀರು ಇಳಿಯುತ್ತಿತ್ತು. "ಮೊದಲಿಂದ ಓದವಾ, ಅವಸರಿಲ್ಲ" ಎಂದರು ನಿರೂಪಕಿ. ಅದೇ ನಾಲ್ಕು ಸಾಲು ಎರಡನೆಯ ಸಲ ಕಿವಿಗೆ ಬಿದ್ದಾಗ, ಮೊದಲ ಸಲ ಬರೀ ಕತ್ತಿಯಾಗಿ ಕೇಳಿಸಿದ್ದು ಆ ಹೆಂಗಸರ ಬೆರಳಾಗಿ ಕೇಳಿಸಿತು. ಕವಿತೆಯನ್ನು ಎರಡು ಸಲ ಕೇಳುವ ಪುಣ್ಯ ಸಭಾಂಗಣದಲ್ಲಿ ಯಾರಿಗೆ ಸಿಗುತ್ತದೆ?

ಆಮೇಲೆ ಬಂದವರು ಹಾವೇರಿ ಕಡೆಯ ಹಿರಿಯರು. ತತ್ವಪದದ ಧಾಟಿಯಲ್ಲಿ ತಾವೇ ಕಟ್ಟಿದ ಪದ, ಕೈಯಲ್ಲಿ ಏಕತಾರಿ. ತಂತಿ ಮೀಟುವುದು ಕಣ್ಣಿಗೆ ಕಾಣುತ್ತದೆ, ನಾದ ಮಾತ್ರ ಕೇಳಿಸದು. ಜೂಮ್‌ನಂಥ ವ್ಯವಸ್ಥೆಯೊಳಗೆ ಗದ್ದಲ ಸೋಸುವ ಏರ್ಪಾಡೊಂದಿದೆ. ಒಂದೇ ಸಮನೆ ಮೊರೆಯುವ ಸದ್ದನ್ನು ಅದು ಎಷ್ಟೋ ಸಲ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ. ಶ್ರುತಿಯೇ ಅದರ ಪಾಲಿಗೆ ಕಸ. "ಅಜ್ಜಾರ, ಮೊಮ್ಮಗನ ಕಡೆ ಫೋನ್ ಕೊಡ್ರಿ, ಒರಿಜಿನಲ್ ಸೌಂಡ್ ಆನ್ ಮಾಡ್ಲಿ" ಎಂದರು ನಿರೂಪಕಿ. ಹುಡುಗ ಬಂದು ಒತ್ತಿದ. ಏಕತಾರಿಯ ನಾದ ಎಲ್ಲ ಊರುಗಳ ಮನೆಯೊಳಗೂ ಒಟ್ಟಿಗೇ ತುಂಬಿತು.

ಇಷ್ಟಾದರೂ ಈ ಸಂಜೆಗೆ ಒಗ್ಗದ ಕವಿತೆಯೂ ಉಂಟು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದರ ಪದ್ಯಗಳನ್ನು ಜನ ಬೀದಿಯಲ್ಲಿ ಹಾಡಿದರು. ಅದಕ್ಕೆ ನೂರು ಗಂಟಲು ಒಟ್ಟಿಗೆ ಏಳಬೇಕು. ಪರದೆಯಲ್ಲಿ ಒಬ್ಬರ ದನಿ ಇನ್ನೊಬ್ಬರನ್ನು ತುಸು ತಡವಾಗಿ ತಲುಪುತ್ತದೆ. ಎಲ್ಲರೂ ಕೂಡಿ ಹಾಡಲು ಹೋದರೆ ತಾಳ ಚದುರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟಿದರೆ ಯಾರದೂ ಸರಿಯಾಗಿ ಕೇಳದು. ಹೋರಾಟದ ಹಾಡಿಗೆ ಬಯಲೇ ಬೇಕು. ಆದರೆ ಕೋವಿಡ್ ಕಾಲದಲ್ಲಿ ಬಯಲೂ ಮುಚ್ಚಿತ್ತು. ಕವಿ ನಿಸಾರ್ ಅಹಮದ್ 2020ರ ಮೇ 3ರಂದು, ಸಿದ್ಧಲಿಂಗಯ್ಯ 2021ರ ಜೂನ್ 11ರಂದು ತೀರಿಕೊಂಡರು. ಜನ ಸೇರುವಂತಿಲ್ಲದ ಆ ದಿನಗಳಲ್ಲಿ ಎಷ್ಟೋ ಮಂದಿ ಅವರ ಕವಿತೆಗಳನ್ನು ಪರದೆಯ ಮುಂದೆ ಓದಿಯೇ ನುಡಿನಮನ ಸಲ್ಲಿಸಿದರು. ಅಂದು ಸಂಕಟಕ್ಕೆ ಹಿಡಿದ ದಾರಿ ಇಂದು ರೂಢಿಯಾಗಿದೆ.

ಕೊನೆಯಲ್ಲಿ ಓದಿದವರು ನ್ಯೂಜೆರ್ಸಿಯ ಹೆಣ್ಣುಮಗಳು. ತಾಯಿಯ ಸೀರೆಯನ್ನು ಕೌದಿಯಾಗಿ ಹೊಲಿದ ಮೇಲೂ ಅದರಲ್ಲಿ ಉಳಿದ ವಾಸನೆಯ ಕುರಿತ ಪುಟ್ಟ ಕವಿತೆ. ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಪುಸ್ತಕವಾಗಿ ಕನ್ನಡಿಗರ ಕೈಸೇರಿತು. ದೂರದಲ್ಲಿ ಕೂತು ಬರೆದದ್ದನ್ನು ಅಚ್ಚಿಗೆ ಮೊದಲೇ ಕೇಳಿಸಿ, ಧಾರವಾಡದಿಂದ "ಕೊನೀ ಎರಡು ಸಾಲು ಬೇಡ ಅನ್ನಸ್ತದ" ಎಂಬ ಮಾತನ್ನು ಅದೇ ಗಳಿಗೆಯಲ್ಲಿ ಕೇಳಿಸಿಕೊಳ್ಳುವ ಭಾಗ್ಯ ಈ ಹೆಣ್ಣುಮಗಳದು. ಆಕೆ ತಲೆಯಾಡಿಸಿ ಪೆನ್ನು ತೆಗೆದುಕೊಂಡರು.

ಸಭಾಂಗಣಗಳು ತೆರೆದವೆಂದು ಈ ಸಂಜೆಗಳನ್ನು ಕೈಬಿಡಬಾರದು. ಬೆಂಗಳೂರಿಗೆ ರಾತ್ರಿ ಬಸ್ ಹತ್ತಲಾಗದವರು, ದೀಪ ಹಚ್ಚುವ ಹೊತ್ತಿಗೆ ಮನೆ ಬಿಡಲಾಗದ ಹೆಂಗಸರು, ಮಂಡಿನೋವಿನ ಹಿರಿಯರು ಇಲ್ಲಿ ಸಮಸಮನಾಗಿ ಓದುತ್ತಾರೆ. ಸಂಘಟಕರಲ್ಲಿ ನನ್ನದೊಂದು ಕೇಳಿಕೆ: ವೇದಿಕೆಯ ಕವಿಗೆ ಕೊಡುವ ಗೌರವಧನವನ್ನು ಪರದೆಯ ಕವಿಗೂ ಕೊಡಿ, ಓದಿನ ಧ್ವನಿಮುದ್ರಣವನ್ನು ಕವಿಯ ಹೆಸರು, ತಾರೀಖಿನ ಸಮೇತ ಜೋಪಾನವಾಗಿಡಿ. ಕೇಳುಗರೇ, ಕ್ಯಾಮೆರಾ ತೆರೆದಿಡಿ, ನಿಮ್ಮ ಪರಿಚಯದ ಕವಿ ಓದಿದ ಕೂಡಲೇ ಹೊರಟುಬಿಡಬೇಡಿ. ಕೊನೆಯಲ್ಲಿ ಓದುವವರು ಸಾಮಾನ್ಯವಾಗಿ ಹೊಸಬರು. ಅವರಿಗೆ ನಿಮ್ಮ ಮುಖ ಕಾಣಬೇಕು.